ಮೂವತ್ತೊಂದು ವಾರದ ಬಸುರಿ ಮಗಳಿಗೊಂದು ಪತ್ರ

ಪುಟ್ಟೀ,

ನಿನ್ ಮೆಸೇಜು ನೋಡ್ದೆ. "ಅಮ್ಮಾ ಮೂವತ್ತೊಂದು ವಾರ ಆಯ್ತು, ಇನ್ನೂ ಓಡ್ತಾನೇ ಇದೀನಿ, ಯಾವಾಗ ನಿಲ್ಲಿಸ್ಬೇಕು, ಆಮೇಲೆ ಯಾವಾಗ ಶುರು ಮಾಡ್ಬಹುದು" ಅಂತ ಒಂದೇ ಉಸಿರಲ್ಲಿ ಎರಡು ಪ್ರಶ್ನೆ. ಫೋನಲ್ಲಿ ಹೇಳೋಣ ಅಂದ್ರೆ ನೀನು ಅರ್ಧ ಕೇಳಿ "ಹೂಂ ಗೊತ್ತು ಗೊತ್ತು" ಅಂತೀಯ, ಅದಕ್ಕೇ ಬರೀತಿದೀನಿ. ಉದ್ದ ಆಗುತ್ತೆ, ಕಾಲು ಮೇಲಿಟ್ಕೊಂಡು ಆರಾಮಾಗಿ ಕೂತು ಓದು.

ಮೊದಲನೇದಕ್ಕೆ ಉತ್ತರ ಸುಲಭ. ತಾರೀಕು ಅಂತ ಯಾವುದೂ ಇಲ್ಲ. ನೀನು ಬಸುರಿ ಆಗೋಕೆ ಎಷ್ಟೋ ವರ್ಷ ಮುಂಚಿಂದ ಓಡ್ತಿದ್ದೋಳು, ಡಾಕ್ಟ್ರು ಪ್ಲಾಸೆಂಟಾ, ಅಂದ್ರೆ ಮಾಸು, ಸರಿಯಾದ ಜಾಗದಲ್ಲಿದೆ, ಬಿಪಿ ಸರಿ ಇದೆ, ರಕ್ತ ಕಮ್ಮಿ ಇಲ್ಲ ಅಂದಿದಾರೆ, ಹಾಗಿದ್ಮೇಲೆ ಓಡಿದ ತಕ್ಷಣ ಮಗುಗೆ ಏನೋ ಆಗ್ಬಿಡುತ್ತೆ ಅನ್ನೋ ಭಯ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಅದನ್ನೇ, ತೊಂದ್ರೆ ಇಲ್ಲದ ಬಸುರಿಯರು ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬಿಸಿಯಾಗೋ ಹಾಗೆ ಓಡಾಡ್ಬೇಕು, ಮೊದಲಿಂದ ಜೋರಾಗಿ ವ್ಯಾಯಾಮ ಮಾಡ್ತಿದ್ದೋರು ಮುಂದುವರಿಸ್ಬಹುದು ಅಂತ. 2018ರಲ್ಲಿ 1293 ಜನ ಓಡೋ ತಾಯಂದಿರನ್ನ ವಿಚಾರಿಸಿ ಮಾಡಿದ ಒಂದು ಅಧ್ಯಯನ ಬಂತು, ಬಸುರಿಯಾಗಿದ್ದಾಗಲೂ ಓಡಿದೋರಿಗೂ ನಿಲ್ಲಿಸ್ದೋರಿಗೂ ಹೆರಿಗೆ ಆದ ವಾರದಲ್ಲಾಗ್ಲಿ ಮಗುವಿನ ತೂಕದಲ್ಲಾಗ್ಲಿ ಹೇಳ್ಕೊಳ್ಳೋ ವ್ಯತ್ಯಾಸ ಇರ್ಲಿಲ್ಲ. ಆದ್ರೆ ಅದರಲ್ಲೇ ಇನ್ನೊಂದು ವಿಷ್ಯ ಇದೆ, ಓಟ ಮುಂದುವರಿಸಿದೋರಲ್ಲಿ ಫೋರ್ಸೆಪ್ಸ್ ಅನ್ನೋ ಇಕ್ಕಳ, ವ್ಯಾಕ್ಯೂಮ್ ಹಾಕಿ ಮಗೂನ ಎಳೆದು ಮಾಡಿದ ಹೆರಿಗೆ ಸ್ವಲ್ಪ ಜಾಸ್ತಿ ಇತ್ತು. ಓಡಿ ಓಡಿ ಅಂತ ಹುರಿದುಂಬಿಸೋರು ಈ ಎರಡನೇ ಭಾಗ ಹೇಳಲ್ಲ, ಅದಕ್ಕೆ ನಾನು ಹೇಳ್ತಿದೀನಿ, ಹೆದರಿಸೋಕಲ್ಲ.

ಈಗ ಆ ವಾಚು. ನೀನು ಅದನ್ನ ನೋಡಿ "ಇಷ್ಟು ನಿಧಾನ ಓಡಿದ್ರೂ ಹಾರ್ಟ್ ರೇಟ್ ಇಷ್ಟು ಯಾಕೆ" ಅಂತ ಕೊರಗ್ತಿದೀಯಲ್ಲ, ಕೊರಗೋಕೆ ಅದರಲ್ಲಿ ಏನೂ ಇಲ್ಲ. ಈ ಹೊತ್ತಿಗೆ ಮೈಯಲ್ಲಿರೋ ರಕ್ತ ಮೊದಲಿಗಿಂತ ಹತ್ತಿರ ಹತ್ತಿರ ಅರ್ಧದಷ್ಟು ಜಾಸ್ತಿ ಆಗಿರುತ್ತೆ, ಸುಮ್ನೆ ಕೂತಿದ್ರೂ ಎದೆಬಡಿತ ನಿಮಿಷಕ್ಕೆ 10-20 ಏರಿರುತ್ತೆ, ವಾಚಲ್ಲಿರೋ ಹಳೇ ಹಾರ್ಟ್ ರೇಟ್ ಜೋನುಗಳೆಲ್ಲ, ಅಂದ್ರೆ ಇಷ್ಟರಿಂದ ಇಷ್ಟು ಬಡಿತ ಅನ್ನೋ ಹಂತಗಳು, ಈಗ ಲೆಕ್ಕಕ್ಕೇ ಬರಲ್ಲ. ಓಡ್ತಾ ಓಡ್ತಾ ಪಕ್ಕದೋರ ಹತ್ರ ಒಂದು ಪೂರ್ತಿ ವಾಕ್ಯ ಮಾತಾಡೋಕೆ ಆಗ್ಬೇಕು, ಅಷ್ಟೇ ಅಳತೆ. ಆಗ್ತಿಲ್ವಾ, ನಡಿ. ನಿನ್ ಗಂಡನಿಗೆ ಹೇಳು ಜೊತೆಗೆ ಬರೋಕೆ, ಅವನಿಗೂ ವ್ಯಾಯಾಮ ಆಗುತ್ತೆ.

ಬಿಸಿಲಲ್ಲಿ ಹೋಗ್ಬೇಡ, ನೀರು ಕುಡಿ, ಇದೆಲ್ಲ ನಿಂಗೆ ಗೊತ್ತು. ಗೊತ್ತಿಲ್ಲದೇ ಇರೋದು ಅಂದ್ರೆ ಕೆಳಗಡೆ ಏನಾಗ್ತಿದೆ ಅನ್ನೋದು. ಮಗು, ನೀರು, ಪ್ಲಾಸೆಂಟಾ ಎಲ್ಲಾ ಸೇರಿ ಆ ಭಾರ ಪೂರ್ತಿ ಕೂತಿರೋದು ಪೆಲ್ವಿಕ್ ಫ್ಲೋರ್ ಮೇಲೆ, ಅಂದ್ರೆ ಮೂತ್ರ ಹಿಡ್ಕೊಳ್ಳೋ, ಗರ್ಭಕೋಶ ಎತ್ತಿ ಹಿಡಿಯೋ ಆ ಕೆಳಗಿನ ಸ್ನಾಯುಗಳ ಮೇಲೆ. ಓಡುವಾಗ ಒಂದೊಂದು ಹೆಜ್ಜೆ ಊರಿದಾಗಲೂ ನೆಲ ನಿನ್ನ ತೂಕದ ಎರಡರಷ್ಟು ಜೋರಲ್ಲಿ ವಾಪಸ್ ಒದೆಯುತ್ತೆ ಅಂತ ಇಟ್ಕೋ. ಕೊನೆ ತಿಂಗಳುಗಳಲ್ಲಿ ತುಂಬಾ ಜನ ತಾವಾಗೇ ನಿಲ್ಲಿಸೋದಕ್ಕೆ ಇದೂ ಒಂದು ಕಾರಣ. ಕೆಳಗೆ ಏನೋ ಜೋತು ಬಿದ್ದ ಹಾಗೆ, ಭಾರ ಎಳೆದ ಹಾಗೆ ಅನ್ಸಿದ್ರೆ, ಇಲ್ಲಾ ಮುಂದುಗಡೆ ಸೊಂಟದ ಮೂಳೆಗಳು ಸೇರೋ ಜಾಗದಲ್ಲಿ ನೋವು ಬಂದ್ರೆ, ಹಾಸಿಗೆಯಲ್ಲಿ ಮಗ್ಗಲು ಬದಲಾಯಿಸುವಾಗ, ಒಂದು ಕಾಲ್ ಮೇಲೆ ನಿಂತು ಪ್ಯಾಂಟ್ ಹಾಕುವಾಗ ಚುಳಕ್ ಅಂದ್ರೆ, ಅವತ್ತಿಂದ ಓಟ ಸಾಕು, ನಡಿಗೆ ಶುರು. "ಇನ್ನೊಂದೇ ವಾರ ನೋಡೋಣ" ಅನ್ನೋದು ಬೇಡ. ನಡಿಗೇನೂ ಟ್ರೇನಿಂಗೇ, ನಿನ್ ಆಪ್‌ನಲ್ಲಿ ಅದಕ್ಕೆ ಬಣ್ಣದ ಬ್ಯಾಡ್ಜ್ ಬರಲ್ಲ ಅಷ್ಟೇ.

ಇನ್ನು ಕೆಲವು ಇವೆ, ಅವಕ್ಕೆ ನಡಿಗೇನೂ ಇಲ್ಲ, ಅಲ್ಲೇ ನಿಲ್ಲಿಸಿ ಡಾಕ್ಟ್ರಿಗೆ ಫೋನ್ ಮಾಡೋದೇ. ರಕ್ತ ಕಂಡ್ರೆ, ನೀರು ಸೋರಿದ ಹಾಗಾದ್ರೆ, ಹೊಟ್ಟೆ ಬಿಟ್ಟು ಬಿಟ್ಟು ಲೆಕ್ಕ ಹಾಕಿದ ಹಾಗೆ ಗಟ್ಟಿಯಾಗಿ ನೋಯ್ತಿದ್ರೆ, ಎದೆ ನೋವು, ತಲೆ ಸುತ್ತು, ಓಡೋಕೆ ಮುಂಚೇನೇ ಏದುಸಿರು, ಒಂದೇ ಕಾಲಿನ ಮೀನಖಂಡ ಊದಿ ನೋವಾದ್ರೆ, ಮಗು ಓಡಾಟ ಕಮ್ಮಿ ಆಯ್ತು ಅನ್ಸಿದ್ರೆ. ಮತ್ತೆ ಬಿಡದೇ ಇರೋ ತಲೆನೋವು, ಕಣ್ಣು ಮಂಜು, ಮುಖ ಕೈ ಊತ. ಇದನ್ನ ಬೇರೆಯಾಗಿ ಹೇಳೋಕೆ ಕಾರಣ ಇದೆ. ಅಮೆರಿಕದ ಓಟಗಾರ್ತಿ ಆಲಿಸನ್ ಫೆಲಿಕ್ಸ್ ಗೊತ್ತಲ್ಲ, ಒಲಿಂಪಿಕ್ ಚಿನ್ನ ಗೆದ್ದೋಳು, ಅವಳಿಗಿಂತ ಫಿಟ್ ಇರೋ ಬಸುರಿ ಎಲ್ಲಿ ಸಿಗ್ತಾಳೆ ಹೇಳು, ಅವಳಿಗೇ 2018ರ ನವೆಂಬರ್‌ನಲ್ಲಿ 32ನೇ ವಾರಕ್ಕೆ ಪ್ರೀಎಕ್ಲಾಂಪ್ಸಿಯಾ, ಅಂದ್ರೆ ಬಸುರಿಯಲ್ಲಿ ಬಿಪಿ ಅಪಾಯಕ್ಕೆ ಏರೋ ಕಾಯಿಲೆ, ಜೋರಾಗಿ ತುರ್ತಾಗಿ ಸಿಸೇರಿಯನ್ ಮಾಡ್ಬೇಕಾಯ್ತು. ಓಡ್ತೀನಿ, ನಂಗೆಲ್ಲಿ ಬಿಪಿ ಅಂತ ಒಂದು ಚೆಕಪ್ಪೂ ತಪ್ಪಿಸ್ಬೇಡ.

ನೀನು ಕಳಿಸಿದ ಆ ಫೋಟೋನೂ ನೋಡ್ದೆ, ಓಟಗಾರ್ತಿ ಅಲಿಸಿಯಾ ಮೊಂಟಾನ್ಯೋ 2014ರಲ್ಲಿ 34 ವಾರದ ಹೊಟ್ಟೆ ಇಟ್ಕೊಂಡು ಅಮೆರಿಕದ ರಾಷ್ಟ್ರೀಯ ಕೂಟದಲ್ಲಿ 800 ಮೀಟರ್ ಓಡಿದ್ದು. ಚೆನ್ನಾಗಿದೆ, ನಂಗೂ ಮೈ ಝುಂ ಅಂತು. ಆದ್ರೆ ಅವಳು ಅವತ್ತು ಓಡಿದ್ದು 2 ನಿಮಿಷ 32 ಸೆಕೆಂಡಲ್ಲಿ, ಅವಳ ಬೆಸ್ಟು 1 ನಿಮಿಷ 57 ಸೆಕೆಂಡು, ಅರ್ಧ ನಿಮಿಷಕ್ಕೂ ಜಾಸ್ತಿ ನಿಧಾನ, ಅದೂ ಎರಡೇ ಸುತ್ತಿನ ಓಟದಲ್ಲಿ. ಚಾಂಪಿಯನ್ನೇ ಅಷ್ಟು ವೇಗ ಬಿಟ್ಟುಕೊಟ್ಳು ನೋಡು.

ಎರಡನೇ ಪ್ರಶ್ನೆಗೆ ಬರ್ತೀನಿ, ನಾನು ಕೂತು ಬರೀತಿರೋದೇ ಇದಕ್ಕೆ.

ಹೆರಿಗೆ ಆಗಿ ಆರು ವಾರಕ್ಕೆ ಚೆಕಪ್ ಇರುತ್ತೆ, ಡಾಕ್ಟ್ರು ಹೊಲಿಗೆ ನೋಡಿ, ಗರ್ಭಕೋಶ ಕುಗ್ಗಿದೆಯಾ ನೋಡಿ, "ಎಲ್ಲಾ ಸರಿ ಇದೆ" ಅಂತಾರೆ, ನಮ್ಮ ಓಡೋ ಹುಡುಗೀರು ಅದನ್ನ "ಓಡಬಹುದು" ಅಂತ ಕೇಳಿಸ್ಕೊಂಡು ಮಾರನೇ ದಿನ ಶೂ ಹಾಕ್ತಾರೆ. ಅವರು ಹೇಳಿದ್ದು ಗಾಯ ಮಾಗ್ತಿದೆ ಅಂತ. ಓಡೋಕೆ ಬೇಕಾದ ಬಲ ವಾಪಸ್ ಬಂದಿದೆ ಅಂತ ಅಲ್ಲ, ಬಹಳ ಕಡೆ ಅದನ್ನ ಪರೀಕ್ಷೆ ಮಾಡೋದೂ ಇಲ್ಲ. ನಿಂಗೆ ಒಂದ್ಸಲ ತೊಡೆ ಹಿಂದಿನ ಸ್ನಾಯು ಹರಿದಿತ್ತಲ್ಲ, ಆಗ ಫಿಸಿಯೋ ಹೇಳಿದ್ದೆಲ್ಲ ಚಾಚೂ ತಪ್ಪದೆ ಮಾಡ್ದೆ, ಮೊದಲು ಬಲ, ಆಮೇಲೆ ನಡಿಗೆ, ಆಮೇಲೆ ಒಂಟಿ ಕಾಲಲ್ಲಿ ಕುಪ್ಪಳಿಸೋದು, ಆಮೇಲೆ ಓಟ. ಹೆರಿಗೇನೂ ಅದೇ ಲೆಕ್ಕ, ಅದಕ್ಕಿಂತ ದೊಡ್ಡ ಪೆಟ್ಟು. ಮಗು ಹೊರಗೆ ಬರುವಾಗ ಆ ಕೆಳಗಿನ ಸ್ನಾಯುಗಳು ಬೇರೆ ಯಾವ ಸ್ನಾಯೂನೂ ಹಿಗ್ಗದಷ್ಟು ಹಿಗ್ಗುತ್ವೆ, ಒಂದೊಂದ್ಸಲ ಹರಿಯುತ್ವೆ. ಸಿಸೇರಿಯನ್ ಆದ್ರೆ ಪದರ ಪದರ ಕೊಯ್ದು ಹೊಲಿದಿರ್ತಾರೆ, ಹೊರಗಿನ ಗೆರೆ ಒಣಗಿದ್ರೂ ಒಳಗಿನ ಪದರ ಬಲ ಕೂಡ್ಕೊಳ್ಳೋಕೆ ತಿಂಗಳುಗಟ್ಟಲೆ ಬೇಕು. ಸಿಸೇರಿಯನ್ ಆದೋರಿಗೆ ಕೆಳಗೇನೂ ಆಗಿರಲ್ಲ ಅನ್ನೋದೂ ಸುಳ್ಳು, ಒಂಬತ್ತು ತಿಂಗಳು ಹೊತ್ತಿದ್ದು ಅದೇ ಸ್ನಾಯುಗಳು ತಾನೆ.

2019ರಲ್ಲಿ ಬ್ರಿಟನ್ನಿನ ಮೂವರು ಫಿಸಿಯೋಗಳು ಸೇರಿ ಹೆರಿಗೆ ನಂತರ ಓಟಕ್ಕೆ ಮರಳೋದರ ಬಗ್ಗೇನೇ ಒಂದು ಮಾರ್ಗಸೂಚಿ ಬರೆದ್ರು. ಅವರ ಪ್ರಕಾರ ಬೇಗ ಅಂದ್ರೂ ಮೂರು ತಿಂಗಳು, ಅದೂ ಕೆಲವು ಪರೀಕ್ಷೆ ಪಾಸಾದ ಮೇಲೆ. ಮೂವತ್ತು ನಿಮಿಷ ನಡೆದ್ರೆ ಏನೂ ತೊಂದ್ರೆ ಆಗ್ಬಾರ್ದು, ಒಂಟಿ ಕಾಲಲ್ಲಿ ಹತ್ತು ಸೆಕೆಂಡ್ ನಿಲ್ಲೋಕಾಗ್ಬೇಕು, ಒಂಟಿ ಕಾಲಲ್ಲೇ ಹತ್ತು ಸಲ ಅರ್ಧ ಕೂತು ಏಳ್ಬೇಕು, ನಿಂತಲ್ಲೇ ಒಂದು ನಿಮಿಷ ಜಾಗ್, ಹತ್ತು ಸಲ ಮುಂದಕ್ಕೆ ಜಿಗಿತ, ಒಂದೊಂದು ಕಾಲಲ್ಲಿ ಹತ್ತು ಸಲ ಕುಪ್ಪಳಿಸ್ಬೇಕು, ಒಂಟಿ ಕಾಲಿನ ತುದಿಯಲ್ಲಿ ಇಪ್ಪತ್ತು ಸಲ ಏಳ್ಬೇಕು. ಇದ್ಯಾವುದರಲ್ಲೂ ನೋವು, ಭಾರ, ಮೂತ್ರ ಸೋರೋದು ಇರ್ಬಾರ್ದು. ಈ ಕುಂಟೋದು ಕುಪ್ಪಳಿಸೋದು ನಿಂಗೆ ಮಕ್ಕಳಾಟ ಅನ್ಸುತ್ತೆ, ಹೆರಿಗೆ ಆದ್ಮೇಲೆ ಮಾಡಿ ನೋಡು, ಆಮೇಲೆ ಮಾತಾಡೋಣ.

ಅಲ್ಲಿವರೆಗೂ ಏನೂ ಮಾಡ್ದೆ ಮಲಗಿರು ಅಂತಲ್ಲ. ಮೊದಲ ದಿನಗಳಲ್ಲೇ, ಡಾಕ್ಟ್ರು ಬೇಡ ಅನ್ನದಿದ್ರೆ, ಪೆಲ್ವಿಕ್ ಫ್ಲೋರ್ ವ್ಯಾಯಾಮ ಶುರು ಮಾಡ್ಬಹುದು. ಗ್ಯಾಸ್ ತಡೆಯೋ ಹಾಗೆ ಒಳಕ್ಕೆ ಮೇಲಕ್ಕೆ ಬಿಗಿ ಹಿಡಿ, ಕೆಲವು ಸೆಕೆಂಡ್ ನಿಲ್ಲಿಸು, ಆಮೇಲೆ ಪೂರ್ತಿ ಬಿಡು. ಬಿಡೋದೂ ಅಷ್ಟೇ ಮುಖ್ಯ, ನಿನ್ನಂಥ ಅಥ್ಲೀಟುಗಳು ಬಿಗಿ ಹಿಡಿಯೋದರಲ್ಲಿ ಶೂರರು, ಬಿಡೋಕೆ ಬರಲ್ಲ. ಉಸಿರು ಕಟ್ಟಬೇಡ. ನಡಿಗೆ ಮನೆಯೊಳಗಿಂದ ಶುರು ಮಾಡಿ ನಿಧಾನಕ್ಕೆ ಜಾಸ್ತಿ ಮಾಡು. ಹೆರಿಗೆ ಆದ್ಮೇಲೆ ಕೆಲವು ವಾರ ಸ್ರಾವ ಹೋಗ್ತಿರುತ್ತಲ್ಲ, ಕಮ್ಮಿ ಆಗಿದ್ದು ನಡೆದ ದಿನ ಮತ್ತೆ ಕೆಂಪಾಗಿ ಜಾಸ್ತಿ ಆದ್ರೆ ಅವತ್ತು ಅತಿ ಆಯ್ತು ಅಂತ ಅರ್ಥ. ಒಂದು ಗಂಟೆಗೆ ಒಂದು ಪ್ಯಾಡ್ ತೊಯ್ಯೋ ಹಾಗಿದ್ರೆ ಅದು ಬೇರೆ ವಿಷ್ಯ, ತಕ್ಷಣ ಆಸ್ಪತ್ರೆ.

ಸೋರೋದರ ಬಗ್ಗೆ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಯಾರೂ ಹೇಳಲ್ಲ. ನಮ್ಮ ರನ್ನಿಂಗ್ ಗುಂಪಲ್ಲಿ ಮಕ್ಕಳಾದ ಹೆಂಗಸರೆಲ್ಲ ಕಪ್ಪು ಪ್ಯಾಂಟೇ ಯಾಕೆ ಹಾಕ್ತಾರೆ ಅಂತ ನೀನು ಯಾವತ್ತೋ ಕೇಳಿದ್ದೆ, ನಾನು ನಕ್ಕಿದ್ದೆ. ಕೆಮ್ಮಿದ್ರೆ, ಓಡಿದ್ರೆ ಎರಡು ಹನಿ ಮೂತ್ರ ಹೋಗೋದು ತುಂಬಾ ಜನಕ್ಕೆ ಆಗುತ್ತೆ, ಆದ್ರೆ ತುಂಬಾ ಜನಕ್ಕೆ ಆಗುತ್ತೆ ಅಂದ ಮಾತ್ರಕ್ಕೆ ಅದನ್ನ ಸಹಿಸ್ಕೊಂಡು ಇರ್ಬೇಕು ಅಂತಿಲ್ಲ. ಸರಿಯಾದ ವ್ಯಾಯಾಮದಿಂದ ಬಹಳ ಜನಕ್ಕೆ ಕಮ್ಮಿ ಆಗುತ್ತೆ. "ಹೆತ್ತ ಮೇಲೆ ಇದೆಲ್ಲ ಇದ್ದಿದ್ದೇ" ಅಂತ ಯಾರಾದ್ರೂ ಅಂದ್ರೆ, ಅದು ನಿಮ್ಮತ್ತೆ ಆಗ್ಲಿ ನನ್ ಅಕ್ಕ ಆಗ್ಲಿ ಡಾಕ್ಟ್ರೇ ಆಗ್ಲಿ, ತಲೆ ಆಡಿಸಿ ಬೇರೆ ಕಡೆ ತೋರಿಸ್ಕೋ.

ಹಾಲಿನ ಚಿಂತೆ ಬೇಡ, ಹದವಾದ ವ್ಯಾಯಾಮದಿಂದ ಹಾಲು ಕಮ್ಮಿ ಆಗಲ್ಲ, ಹುಳಿ ಆಗಲ್ಲ. ಮಗೂಗೆ ಕುಡಿಸಿ ಆಮೇಲೆ ಹೋಗು, ಎದೆ ಹಗುರ ಇರುತ್ತೆ. ಆದ್ರೆ ಹಾಲು ಮಾಡೋಕೆ ಮೈ ದಿನಕ್ಕೆ ನಾನೂರು ಐನೂರು ಕ್ಯಾಲೊರಿ ಜಾಸ್ತಿ ಕೇಳುತ್ತೆ, ಅದರ ಮೇಲೆ ಓಟ, ಅದರ ಮೇಲೆ ನಿದ್ದೆಗೆಟ್ಟಿದ್ದು, ಇಂಥ ಟೈಮಲ್ಲಿ ತೂಕ ಇಳಿಸ್ತೀನಿ ಅಂತ ಊಟ ಕಮ್ಮಿ ಮಾಡಿದ್ರೆ ಮೊದಲು ಪೆಟ್ಟು ಬೀಳೋದು ಮೂಳೆಗೆ. ಬ್ರಿಟನ್ನಿನ ಮ್ಯಾರಥಾನ್ ಓಟಗಾರ್ತಿ ಪೌಲಾ ರಾಡ್‌ಕ್ಲಿಫ್ 2007ರ ಜನವರಿಯಲ್ಲಿ ಹೆತ್ತು ನವೆಂಬರ್‌ನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ಲು ಅಂತ ಎಲ್ಲರೂ ಹೇಳ್ತಾರೆ, ಆ ಎರಡರ ಮಧ್ಯೆ ಅವಳ ಬೆನ್ನಿನ ಕೆಳಗಿನ ಮೂಳೆಯಲ್ಲಿ ಸ್ಟ್ರೆಸ್ ಫ್ರಾಕ್ಚರ್, ಅಂದ್ರೆ ಪದೇ ಪದೇ ಬಿದ್ದ ಭಾರಕ್ಕೆ ಸಣ್ಣ ಬಿರುಕು, ಆಗಿ ಓಟ ನಿಲ್ಲಿಸಿ ಕೂತಿದ್ದನ್ನ ಯಾರೂ ಹೇಳಲ್ಲ. ಅವಳ ಹಿಂದೆ ಫಿಸಿಯೋ, ಡಾಕ್ಟ್ರು ಎಲ್ಲಾ ಇದ್ರು. ನಿನ್ ಹಿಂದೆ ನಾನೂ ನಿಮ್ಮಪ್ಪನೂ.

ಶುರು ಮಾಡಿದಾಗ ಒಂದು ನಿಮಿಷ ಓಟ ಎರಡು ನಿಮಿಷ ನಡಿಗೆ, ಹಾಗೆ ಸ್ವಲ್ಪ ಹೊತ್ತು, ಒಂದು ದಿನ ಬಿಟ್ಟು ಒಂದು ದಿನ. ಓಡುವಾಗ ಚೆನ್ನಾಗೇ ಇರುತ್ತೆ, ಸಂಜೆಗೋ ಮಾರನೇ ಬೆಳಿಗ್ಗೆಗೋ ಕೆಳಗೆ ಭಾರ ಅನ್ಸುತ್ತಾ ನೋಡು, ನಿಜವಾದ ರಿಸಲ್ಟು ಅದು. ಮಗೂನ ಗಾಡೀಲಿ ಕೂರಿಸಿ ತಳ್ಕೊಂಡು ಓಡೋ ಆಸೆ ಇದ್ರೆ ಆರು ತಿಂಗಳಾದ್ರೂ ಆಗ್ಲಿ, ಕತ್ತು ಗಟ್ಟಿಯಾಗ್ಬೇಕು. ಹಳೇ ಶೂನಲ್ಲಿ ಓಡ್ಬೇಡ, ಬಸುರಿಯಲ್ಲಿ ಪಾದ ಸ್ವಲ್ಪ ಚಪ್ಪಟೆಯಾಗಿ ಉದ್ದ ಆಗೋದುಂಟು, ಕೆಲವರಿಗೆ ಅದು ಹಾಗೇ ಉಳಿಯುತ್ತೆ. ಈಗ ಆಫರ್ ಇದೆ ಅಂತ ಕೊಳ್ಳೋಕೂ ಹೋಗ್ಬೇಡ, ಆಮೇಲೆ ಅಳತೆ ತಗೊಂಡು ಕೊಂಡ್ಕೋ.

ಮನಸ್ಸಿನ ವಿಷ್ಯ ಒಂದೇ ಸಾಲು. ಓಡೋಕಾಗ್ತಿಲ್ಲ ಅಂತ ಬೇಜಾರಾಗೋದು ಬೇರೆ, ಎರಡು ವಾರ ಕಳೆದ್ರೂ ಏನೂ ಬೇಡ ಅನ್ಸಿ, ಮಗೂನ ಕಂಡ್ರೂ ಅಳು ಬರೋದು ಬೇರೆ. ಎರಡನೇದಾದ್ರೆ ನಂಗೆ ಮಧ್ಯರಾತ್ರಿ ಆದ್ರೂ ಫೋನ್ ಮಾಡು, ಶೂ ಹುಡುಕ್ಬೇಡ.

ಈಗ ಒಂದು ಕೆಲಸ ಮಾಡು. ಪೆಲ್ವಿಕ್ ಫ್ಲೋರ್ ನೋಡೋ ಫಿಸಿಯೋ ಯಾರು ಅಂತ ನಿನ್ ಡಾಕ್ಟ್ರ ಹತ್ರ ಈ ವಾರಾನೇ ಕೇಳು, ಹೆರಿಗೆಗೆ ಮುಂಚೆ ಒಂದ್ಸಲ ಹೋಗಿ ಬಾ, ಆಮೇಲಿಂದಕ್ಕೂ ಅಪಾಯಿಂಟ್‌ಮೆಂಟ್ ಈಗಲೇ ಹಿಡಿದಿಡು, ಮಗು ಬಂದ್ಮೇಲೆ ನಿಂಗೆ ತಲೆ ಬಾಚ್ಕೊಳ್ಳೋಕೂ ಪುರುಸೊತ್ತು ಇರಲ್ಲ. ತಾರೀಕು ಗೊತ್ತಾದ ತಕ್ಷಣ ಮೆಸೇಜ್ ಹಾಕು, ಅವತ್ತು ಮಗೂನ ನಾನು ನೋಡ್ಕೋತೀನಿ. ನಿಮ್ಮಪ್ಪ ಡೈಪರ್ ಕಲಿತೀನಿ ಅಂತಿದಾರೆ, ನೋಡೋಣ.

ನಿನ್ನ
ಅಮ್ಮ