ಹೊಸ ಬ್ಯಾಕ್ಟೀರಿಯಾ ಸಿಕ್ಕಿತು ಸರಿ, ಇಟ್ಟಿದ್ದೆಲ್ಲಿ?

ಮಾನ್ಯರೇ,

‘ಮಣ್ಣಿನಲ್ಲಿ ಹೊಸ ಬ್ಯಾಕ್ಟೀರಿಯಾ ಪತ್ತೆ’ ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಬ್ಯಾಕ್ಟೀರಿಯಾ ಬೆಳೆಸಿದ ಗಾಜಿನ ಪ್ಲೇಟು ಹಿಡಿದು ನಿಂತ ವಿದ್ಯಾರ್ಥಿಗಳು, ಪಕ್ಕದಲ್ಲಿ ಗೈಡು, ಶಾಲು ಹೊದ್ದ ಪ್ರಾಂಶುಪಾಲರು. 31 ವರ್ಷ ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡಿ ನಿವೃತ್ತನಾದ ನನಗೆ ಓದಿ ಖುಷಿಯೇ ಆಗುತ್ತದೆ. ಆದರೆ ಒಂದು ಮಾತು ಮಾತ್ರ ಆ ಸುದ್ದಿಗಳಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ: ಆ ಬ್ಯಾಕ್ಟೀರಿಯಾ ಈಗ ಎಲ್ಲಿದೆ?

ಇದನ್ನು ಕೇಳಲು ಕಾರಣವಿದೆ. ಕೈಗೆ ಸಿಕ್ಕ ಒಂದನ್ನು ಕಳೆದುಕೊಂಡವನು ನಾನು.

2011ರಲ್ಲಿ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಬ್ಯಾಡಗಿ ಹತ್ತಿರದ ತಮ್ಮ ಎರೆ ಹೊಲದಿಂದ ಮೆಣಸಿನ ಗಿಡದ ಬುಡದ ಮಣ್ಣು ತಂದಿದ್ದಳು. 1 ಗ್ರಾಂ ಮಣ್ಣಿಗೆ 9 ಮಿ.ಲೀ. ನೀರು, ಅದರಿಂದ 1 ಮಿ.ಲೀ. ತೆಗೆದು ಮತ್ತೆ 9ಕ್ಕೆ, ಹೀಗೆ ಆರು ಸಲ. ಹತ್ತು ಲಕ್ಷ ಪಟ್ಟು ತೆಳುವಾದ ಮೇಲೂ ಪ್ಲೇಟಿನಲ್ಲಿ ಹತ್ತಾರು ಕಾಲೊನಿ, ಅಂದರೆ ಬ್ಯಾಕ್ಟೀರಿಯಾಗಳ ಕಣ್ಣಿಗೆ ಕಾಣುವ ಗುಂಪುಗಳು, ಎದ್ದವು. ನಾಲ್ಕನೇ ದಿನ ಅಂಚಿನಲ್ಲಿ ಸಾಸಿವೆಗಿಂತ ಸಣ್ಣದೊಂದು ಕೆಂಪು ಚುಕ್ಕೆ. ‘ಸರ್, ಇದು ನಮ್ಮ ಮೆಣಸಿನಕಾಯಿ ಬಣ್ಣಾನ ಐತ್ರಿ’ ಅಂದಳು. ಅದನ್ನು ನಾಲ್ಕು ಸಲ ಹೊಸ ಪ್ಲೇಟಿನ ಮೇಲೆ ಗೆರೆ ಎಳೆದು, ಬೇರೆ ಬ್ಯಾಕ್ಟೀರಿಯಾ ಬೆರೆಯದಂತೆ ಶುದ್ಧ ಮಾಡಿದಳು. ಬ್ಯಾಕ್ಟೀರಿಯಾಗಳನ್ನು ನೇರಳೆ, ಗುಲಾಬಿ ಎಂದು ಎರಡು ಗುಂಪು ಮಾಡುವ ‘ಗ್ರಾಂ’ ಬಣ್ಣದ ಪರೀಕ್ಷೆಯಲ್ಲಿ ಆಲ್ಕೋಹಾಲ್ ತುಸು ಹೆಚ್ಚು ಹೊತ್ತು ನಿಂತರೂ ಫಲಿತಾಂಶ ಕೆಡುತ್ತದೆಂದು ಮೂರು ಸಲ ಮಾಡಿಸಿದೆ. ಮೂರು ಸಲವೂ ಸೂಕ್ಷ್ಮದರ್ಶಕದಲ್ಲಿ ಗುಲಾಬಿ ಬಣ್ಣದ, ಕಡ್ಡಿಯಾಕಾರದ ಬ್ಯಾಕ್ಟೀರಿಯಾಗಳೇ ಕಂಡವು.

ಅವಳ ಅಪ್ಪ ಕೊಟ್ಟ ದುಡ್ಡಿಗೆ ನಾನೊಂದಷ್ಟು ಸೇರಿಸಿ 16ಎಸ್ ಜೀನಿನ ಅನುಕ್ರಮ ಓದಿಸಲು ಬೆಂಗಳೂರಿಗೆ ಕಳಿಸಿದೆವು. ಸುಮಾರು 1,500 ಡಿಎನ್‌ಎ ಅಕ್ಷರ ಉದ್ದದ ಈ ಜೀನು ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇದೆ. ಇದರಿಂದ ತಯಾರಾಗುವ ಆರ್‌ಎನ್‌ಎಯನ್ನು ಹೋಲಿಸಿಯೇ ಅಮೆರಿಕದ ವಿಜ್ಞಾನಿ ಕಾರ್ಲ್ ವೋಸ್ 1977ರಲ್ಲಿ ಜೀವಿಗಳ ವಂಶವೃಕ್ಷವನ್ನೇ ಬದಲಿಸಿದ್ದು. ನಮ್ಮದು ಗೊತ್ತಿರುವ ಅತಿ ಹತ್ತಿರದ ಸಂಬಂಧಿಯೊಂದಿಗೆ ಶೇ 97.4ರಷ್ಟು ಮಾತ್ರ ಹೊಂದಿತು. ಶೇ 98.7ಕ್ಕಿಂತ ಕಡಿಮೆ ಬಂದರೆ ಬೇರೆ ಪ್ರಭೇದವೆಂದು ಹೆಚ್ಚುಕಡಿಮೆ ಹೇಳಬಹುದು. ದಿನಪತ್ರಿಕೆಗೆ ಸುದ್ದಿ ಕೊಡೋಣ ಎಂದರು ಸಹೋದ್ಯೋಗಿಗಳು. ತಡೆಯಿರಿ ಎಂದೆ.

ಏಕೆಂದರೆ ಹೆಸರಿಡುವ ಕೆಲಸ ಶುರುವಾಗುವುದೇ ಅಲ್ಲಿಂದ. ಯಾವ ಸಕ್ಕರೆ ತಿನ್ನುತ್ತದೆ, ಎಷ್ಟು ಉಪ್ಪು ತಡೆಯುತ್ತದೆ, ಜೀವಕೋಶದ ಕೊಬ್ಬಿನಾಮ್ಲಗಳು ಯಾವುವು, ಎಲ್ಲ ನೋಡಬೇಕು. ಇಡೀ ಜೀನೋಮನ್ನು, ಅಂದರೆ ಅದರ ಪೂರ್ತಿ ಡಿಎನ್‌ಎಯನ್ನು, ಹತ್ತಿರದ ಪ್ರಭೇದಗಳ ಜೊತೆ ಹೋಲಿಸಿದರೆ ಸಾಮ್ಯ ಶೇ 95–96ಕ್ಕಿಂತ ಕೆಳಗೇ ಇರಬೇಕು. ಆಮೇಲೆ ಜೀವಂತ ಕಲ್ಚರನ್ನು (ಶುದ್ಧವಾಗಿ ಬೆಳೆಸಿದ ಬ್ಯಾಕ್ಟೀರಿಯಾವನ್ನು) ಕನಿಷ್ಠ ಎರಡು ಬೇರೆ ಬೇರೆ ದೇಶಗಳ ಸಾರ್ವಜನಿಕ ಸಂಗ್ರಹಗಳಲ್ಲಿ ಇಟ್ಟು ನಂಬರು ಪಡೆಯಬೇಕು. ಇಲ್ಲವಾದರೆ ಹೆಸರಿಗೆ ಅಂತರರಾಷ್ಟ್ರೀಯ ಮಾನ್ಯತೆ ಸಿಗದು. ನಮ್ಮಲ್ಲಿ ಚಂಡೀಗಡದಲ್ಲಿ, ಪುಣೆಯಲ್ಲಿ ಅಂಥ ಸಂಗ್ರಹಗಳಿವೆ. 2002ರ ನಮ್ಮ ಜೀವವೈವಿಧ್ಯ ಕಾಯ್ದೆಯೂ ಹೊಸ ಜೀವಿ ಕಂಡರೆ ಗೊತ್ತುಪಡಿಸಿದ ಸಂಸ್ಥೆಗೆ ತಿಳಿಸಿ ಮಾದರಿ ಒಪ್ಪಿಸಬೇಕೆನ್ನುತ್ತದೆ.

ದಸರಾ ರಜೆ ಮುಗಿಸಿ ಕಳಿಸೋಣ ಅಂದುಕೊಂಡೆವು. ರಜೆಯಲ್ಲಿ ವೈರಿಂಗ್ ರಿಪೇರಿಗೆಂದು ಯಾರೋ ಮೇನ್ ಸ್ವಿಚ್ ಇಳಿಸಿದವರು ಏರಿಸಲಿಲ್ಲ. ಎಂಟು ದಿನದ ಮೇಲೆ ಫ್ರಿಜ್ ಬಾಗಿಲು ತೆಗೆದಾಗ ಬಂದ ವಾಸನೆ ಇನ್ನೂ ಮೂಗಿನಲ್ಲಿದೆ. ಬ್ಯಾಕ್ಟೀರಿಯಾ ಬೆಳೆಸಿಟ್ಟ ನಳಿಕೆಗಳ (ಸ್ಲ್ಯಾಂಟು) ಮೇಲೆಲ್ಲ ಕರಿ ಬೂಸ್ಟು. ಹೆಪ್ಪುಗಟ್ಟಿಸಿ ಕಾಪಾಡಲು ಗ್ಲಿಸರಾಲಿನಲ್ಲಿಟ್ಟ ನಾಲ್ಕು ಸಣ್ಣ ಸೀಸೆಗಳೂ ಅದೇ ಫ್ರಿಜ್ಜಿನ ಮೇಲಿನ ಖಾನೆಯಲ್ಲಿದ್ದವು. ಎಲ್ಲವನ್ನೂ ಒಂದೇ ಕಡೆ ಇಟ್ಟ ತಪ್ಪು ಮಾತ್ರ ಕಾಲೇಜಿನದಲ್ಲ, ನನ್ನದು. ಹದಿನೈದು ದಿನ ಒದ್ದಾಡಿದೆವು, ಒಂದರಿಂದಲೂ ಕೆಂಪು ಚುಕ್ಕೆ ಏಳಲಿಲ್ಲ. ಒಣಗಿಸಿ ಗಾಜಿನ ಆಂಪೂಲ್‌ನಲ್ಲಿ ಸೀಲು ಮಾಡಿಸಿಟ್ಟಿದ್ದರೆ ಕರೆಂಟು ಹೋಗಿದ್ದಕ್ಕೆ ಸಾಯುತ್ತಿರಲಿಲ್ಲ.

ಜೀನೋಮಿನ ಅನುಕ್ರಮವೊಂದೇ ಇದ್ದರೂ ಹೆಸರಿಡುವ ವ್ಯವಸ್ಥೆ 2022ರಿಂದ ಬಂದಿದೆ. ಪ್ಲೇಟಿನಲ್ಲಿ ಬೆಳೆಯಲೊಲ್ಲದ ಬ್ಯಾಕ್ಟೀರಿಯಾಗಳೇ ಮಣ್ಣಿನಲ್ಲಿ ಹೆಚ್ಚು, ಅವಕ್ಕೆ ಇದು ಬೇಕಿತ್ತು. ಆದರೆ ಬೆಳೆಯುವುದನ್ನೂ ಕಂಪ್ಯೂಟರಿನಲ್ಲಷ್ಟೇ ಉಳಿಸಿದರೆ ರೈತ ಬೀಜೋಪಚಾರಕ್ಕೆ ಏನು ಹಚ್ಚಬೇಕು?

ಹೆಸರಿನ ವಿಷಯ ಬಂದದ್ದಕ್ಕೆ ಇನ್ನೊಂದು. ರಂಜಕ ಕರಗಿಸುವ ಜೀವಾಣು ಗೊಬ್ಬರದ ಎರಡು ಪ್ಯಾಕೆಟ್ ತಂದು ಪರಿಚಯದ ರೈತರೊಬ್ಬರು ‘ಇದರಾಗ ಡುಪ್ಲಿಕೇಟ್ ಯಾವುದ್ರಿ?’ ಎಂದು ಕೇಳಿದರು. ಒಂದರ ಮೇಲೆ ಬ್ಯಾಸಿಲಸ್ ಮೆಗಟೇರಿಯಂ, ಇನ್ನೊಂದರ ಮೇಲೆ ಪ್ರೀಸ್ಟಿಯಾ ಮೆಗಟೇರಿಯಂ. ಎರಡೂ ಒಂದೇ. 2020ರಲ್ಲಿ ವರ್ಗೀಕರಣ ಬದಲಿಸಿ ಅದಕ್ಕೆ ಬೇರೆ ಕುಲ, ಅಂದರೆ ಹೆಸರಿನ ಮೊದಲ ಪದ, ಕೊಟ್ಟರು. ಹಳೆಯ ಕಲ್ಚರುಗಳು ಉಳಿದಿದ್ದರಿಂದಲೇ ಇಂಥ ಮರುಪರಿಶೀಲನೆ ಸಾಧ್ಯ. ಇದನ್ನೂ ಸುದ್ದಿಯಾಗಿ ಹಾಕಿ, ಅಂಗಡಿಯಲ್ಲಿ ಜಗಳ ತಪ್ಪುತ್ತದೆ.

ತಮ್ಮ ವರದಿಗಾರರಲ್ಲಿ ನನ್ನ ವಿನಂತಿ ಇಷ್ಟೆ: ಮುಂದಿನ ಸಲ ‘ಹೊಸ ಬ್ಯಾಕ್ಟೀರಿಯಾ’ ಎಂದವರನ್ನು ಯಾವ ಸಂಗ್ರಹದಲ್ಲಿಟ್ಟಿದ್ದೀರಿ, ನಂಬರೇನು ಎಂದು ಕೇಳಿ, ಉತ್ತರವನ್ನು ಅಚ್ಚು ಹಾಕಿ.

ಮರುವರ್ಷ ನಾನೂ ಆ ಹುಡುಗಿಯೂ ಅದೇ ಹೊಲಕ್ಕೆ ಹೋಗಿದ್ದೆವು. ಅವಳಪ್ಪ ಮೆಣಸಿನಕಾಯಿ ಬಿಟ್ಟು ಗೋವಿನಜೋಳ ಹಾಕಿದ್ದರು. ಅದೇ ಬದುವಿನ ಪಕ್ಕದಿಂದ ಮೂರು ಸಲ ಮಣ್ಣು ತಂದು ಪ್ಲೇಟಿಗೆ ಹಾಕಿದೆವು. ಬಿಳಿ ಬಂತು, ಹಳದಿ ಬಂತು. ಕೆಂಪು ಬರಲಿಲ್ಲ.

— ನಿವೃತ್ತ ಉಪನ್ಯಾಸಕ, ಹುಬ್ಬಳ್ಳಿ