ಹಳೇ ಸೈಕಲ್ ಗುಜರಿಗೆ ಹಾಕಬೇಡ

ಫ್ರೈಬುರ್ಗ್, ಜರ್ಮನಿ
ನವೆಂಬರ್ 16

ಪ್ರೀತಿಯ ಪುಟ್ಟ,

ನಾನು ಕ್ಷೇಮ. ಭಾನುವಾರ ಫೋನಿನಲ್ಲಿ ನಿನ್ನ ದನಿ ಪೂರಾ ಸೋತುಹೋಗಿತ್ತು. ನಂದಿ ಬೆಟ್ಟದ ಕೊನೆಯ ತಿರುವುಗಳಲ್ಲಿ ಇಳಿದು ಸೈಕಲ್ ತಳ್ಳಿಕೊಂಡು ಹೋದೆ ಅಂದೆಯಲ್ಲ, ಹಿಂದಿನಿಂದ ಅಪ್ಪ "ಆ ಹಳೇ ಕಬ್ಬಿಣ ಗುಜರಿಗೆ ಹಾಕಿ ಹೊಸದು ತಗೊಳ್ಳಲಿ" ಅಂದದ್ದೂ ಕೇಳಿಸಿತು. ದಯವಿಟ್ಟು ಹಾಕಬೇಡ. ಅದು ಕಬ್ಬಿಣ ಅಲ್ಲ ಅಂತ ಅಪ್ಪನಿಗೆ ಹೇಳು. ಫ್ರೇಮ್ ಅಲ್ಯೂಮಿನಿಯಂ, ಒಂದು ಬಿರುಕೂ ಇಲ್ಲ. ಭಾರ ಇರೋದು ಅದಕ್ಕೆ ಜೋಡಿಸಿರೋ ಸಾಮಾನಿನಲ್ಲಿ.

ಮೊದಲು ತೂಕ ಹಾಕು. ನಾನು ಹೊರಡುವಾಗ ಸೂಟ್‌ಕೇಸ್ 23 ಕಿಲೋ ದಾಟಿದೆಯಾ ಅಂತ ನೋಡೋಕೆ ತಂದ ಕೊಕ್ಕೆ ತಕ್ಕಡಿ ಅಟ್ಟದ ಮೇಲಿದೆ. ಸೈಕಲ್ಲನ್ನ ಸೀಟಿನ ಕೆಳಗೆ ಹಗ್ಗ ಕಟ್ಟಿ ತೂಗು. ಆಮೇಲೆ ಕ್ಯಾರಿಯರ್, ಸೈಡ್ ಸ್ಟ್ಯಾಂಡು, ಆ ದಪ್ಪ ಸರಪಳಿ ಬೀಗ ತೆಗೆದು ಮತ್ತೆ ತೂಗು. ಒಂದು ರೂಪಾಯಿ ಖರ್ಚಿಲ್ಲದೆ ಒಂದೂವರೆ ಕಿಲೋ ಇಳಿದರೆ ನನಗೇನೂ ಆಶ್ಚರ್ಯ ಆಗಲ್ಲ. ನೀರೂ ಅಷ್ಟೇ, ಒಂದು ಲೀಟರ್ ಅಂದರೆ ಒಂದು ಕಿಲೋ. ಮನೆಯಿಂದ ಎರಡು ಬಾಟಲಿ ತುಂಬಿಕೊಂಡು ಹೋಗೋ ಬದಲು ದೇವನಹಳ್ಳಿಯಲ್ಲಿ ನಿಂತು ತುಂಬಿಸಿಕೋ.

ಇಲ್ಲಿ ನಾನು ಸೆಕೆಂಡ್‌ಹ್ಯಾಂಡ್‌ನಲ್ಲಿ ತಗೊಂಡ ಸೈಕಲ್ಲೂ ನಿನ್ನದರ ಹಾಗೇ, 26 ಇಂಚಿನ ಚಕ್ರದ್ದು. ಊರಿನ ಬೆನ್ನಿಗೇ ಷಾವಿನ್ಸ್‌ಲಾಂಡ್ ಬೆಟ್ಟ, 1284 ಮೀಟರ್. ನಮ್ಮ ನಂದಿ 1478 ಮೀಟರ್ ಇದ್ದರೂ ಬೆಂಗಳೂರೇ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಊರು 300 ಮೀಟರೂ ಇಲ್ಲ, ಹಾಗಾಗಿ ಏರು ಮುಗಿಯೋದೇ ಇಲ್ಲ. ಆ ಏರಿಗೆ ಹೆದರಿ ಮೊದಲು ಕಾರ್ಬನ್ ಹ್ಯಾಂಡಲ್ ಕೊಂಡೆ. ದುಡ್ಡು ಬಹಳ ಹೋಯಿತು, ಉಳಿದದ್ದು ನೂರು ಗ್ರಾಂ ಚಿಲ್ಲರೆ. ಕಾಲಿಗೆ ಗೊತ್ತೇ ಆಗಲಿಲ್ಲ.

ಗೊತ್ತಾದದ್ದು ಟೈರ್ ಬದಲಾಯಿಸಿದಾಗ. ಅಂಚಿನಲ್ಲಿ ತಂತಿ ಇರೋ ಹಳೇ ಟೈರ್ ತೆಗೆದು ಮಡಚಲು ಬರೋ ಟೈರ್ ಹಾಕಿದೆ, ಒಂದೊಂದರಲ್ಲೂ 200 ಗ್ರಾಂ ಉಳಿಯಿತು. ಚಕ್ರದ ಹೊರಅಂಚಿನ ಭಾರವನ್ನ ಮುಂದಕ್ಕೂ ಒಯ್ಯಬೇಕು, ತಿರುಗಿಸಲೂ ಬೇಕು. ಅದಕ್ಕೇ ಸಿಗ್ನಲ್ ಬಿಟ್ಟು ಹೊರಡುವಾಗ ಅದು ಹೆಚ್ಚುಕಡಿಮೆ ಎರಡರಷ್ಟು ಭಾರದ ಹಾಗೆ ಎಳೆಯುತ್ತೆ. ಬೆಟ್ಟದಲ್ಲಿ ಒಂದೇ ವೇಗದಲ್ಲಿ ಹತ್ತುವಾಗ ಮಾತ್ರ ಗ್ರಾಂ ಎಲ್ಲಿದ್ದರೂ ಒಂದೇ. ಟ್ಯೂಬಿನ ವಿಷಯದಲ್ಲಿ ಹುಷಾರು. ಟಿಪಿಯು ಅನ್ನೋ ಪ್ಲಾಸ್ಟಿಕ್ ಟ್ಯೂಬು ತುಂಬಾ ಹಗುರ, ಆದರೆ ನಿನ್ನದು ರಿಮ್ ಹಿಡಿಯೋ ವಿ-ಬ್ರೇಕು. ನಂದಿ ಇಳಿಯುವಾಗ ರಿಮ್ ಬಿಸಿಯಾಗುತ್ತೆ, ಕೆಲವು ಟಿಪಿಯು ಟ್ಯೂಬಿನ ಮೇಲೆ ರಿಮ್ ಬ್ರೇಕಿಗೆ ಬೇಡ ಅಂತಲೇ ಬರೆದಿರುತ್ತೆ. ನಿನಗೆ ತೆಳು ರಬ್ಬರ್ ಟ್ಯೂಬೇ ತರುತ್ತೇನೆ.

ಎಲ್ಲಕ್ಕಿಂತ ಭಾರ ಮುಂದಿನ ಫೋರ್ಕು, ಅಂದರೆ ಮುಂದಿನ ಚಕ್ರವನ್ನ ಹಿಡಿದಿರೋ ಎರಡು ಕಾಲಿನ ಕವಲು. ಒಳಗೆ ಉಕ್ಕಿನ ಸ್ಪ್ರಿಂಗ್ ಇರೋ ಅಂಥ ಅಗ್ಗದ ಸಸ್ಪೆನ್ಷನ್ ಫೋರ್ಕು ಎರಡೂವರೆ ಕಿಲೋ ತನಕ ತೂಗುತ್ತೆ. ನಾನು ನನ್ನದನ್ನ ತೆಗೆದು ಸಾದಾ ಉಕ್ಕಿನ ಫೋರ್ಕ್ ಹಾಕಿದೆ, ಒಂದೇ ಏಟಿಗೆ ಒಂದೂವರೆ ಕಿಲೋ ಹೋಯಿತು. ಆದರೆ ಮುಂದಿನ ಚಕ್ರದ ಆಕ್ಸಲ್‌ನಿಂದ ಫೋರ್ಕಿನ ಹೆಗಲ (ಎರಡು ಕಾಲೂ ಮೇಲೆ ಸೇರೋ ಜಾಗ) ತನಕದ ಉದ್ದ ಹಳೆಯದಕ್ಕೆ ಹೊಂದಲೇಬೇಕು. ಗಿಡ್ಡದು ಹಾಕಿದರೆ ಸೈಕಲ್ ಮುಂದಕ್ಕೆ ಬಾಗಿ ಹ್ಯಾಂಡಲ್ ಚಂಚಲ ಆಗುತ್ತೆ, ಪೆಡಲ್ ಕಲ್ಲಿಗೆ ತಾಗುತ್ತೆ. ಇನ್ನೊಂದು, ತುರಹಳ್ಳಿಯ ಬಂಡೆಗಳ ಮೇಲೆ ಓಡಿಸೋ ಆಸೆ ಇನ್ನೂ ಇದ್ದರೆ ಸಸ್ಪೆನ್ಷನ್ ಇರಲಿ, ಮಣಿಕಟ್ಟು ಉಳಿಯುತ್ತೆ. ಬರೀ ರಸ್ತೆ, ನಂದಿ ಅಂದರೆ ಬದಲಾಯಿಸೋಣ. ಇದನ್ನ ನೀನೇ ತೀರ್ಮಾನಿಸು.

ಮುಂದಿನ ಮೂರು ಹಲ್ಲುಚಕ್ರ ತೆಗೆದು ಒಂದೇ ಹಾಕಿಸಿಕೊಳ್ತೀನಿ ಅಂದೆಯಲ್ಲ, ಅದು ಸದ್ಯಕ್ಕೆ ಬೇಡವೇ ಬೇಡ. ಭಾರ ಇಳಿಯುತ್ತೆ, ನಿಜ. ಆದರೆ ಲೆಕ್ಕ ಹಾಕಿ ನೋಡು. ಈಗ ಮುಂದೆ 22 ಹಲ್ಲು, ಹಿಂದೆ 34. ಪೆಡಲ್ ಒಂದು ಸುತ್ತು ಬಂದರೆ ಚಕ್ರ ಮುಕ್ಕಾಲು ಸುತ್ತೂ ಬರಲ್ಲ, ಅದಕ್ಕೇ ಕಡಿದಾದ ಕಡೆ ಕಾಲು ತಡೆದುಕೊಳ್ಳುತ್ತೆ. ಮುಂದೆ 32 ಒಂದೇ ಉಳಿಸಿದರೆ ಅದೇ ಚಕ್ರ ಸುಮಾರು ಒಂದು ಸುತ್ತು ಬರುತ್ತೆ. ಅರ್ಧ ಕಿಲೋ ಉಳಿಸೋಕೆ ಹೋಗಿ ಮಂಡಿ ಕೊಟ್ಟ ಹಾಗಾಗುತ್ತೆ. ನೀನು ಇಳಿದು ತಳ್ಳಿದ್ದು ಯಾವ ಗೇರಿನಲ್ಲಿ? ಮುಂದೆ ಚಿಕ್ಕ ಹಲ್ಲುಚಕ್ರಕ್ಕೆ ಚೈನ್ ಬೀಳುತ್ತಾ ಇತ್ತಾ? ಇಲ್ಲವಾದರೆ ಮುಂದಿನ ಗೇರಿನ ಕೇಬಲ್ ಸ್ವಲ್ಪ ಸಡಿಲ ಮಾಡಿಸೋದೇ ಮೊದಲ ಕೆಲಸ.

ಹೆಚ್ಚಿನ ಆಸೆ ಇಟ್ಟುಕೋಬೇಡ ಅಂತಲೂ ಹೇಳಬೇಕು. ನೀನು 62 ಕಿಲೋ, ಸೈಕಲ್ 15 ಅಂದುಕೋ. ಎರಡೂವರೆ ಕಿಲೋ ಇಳಿದರೆ ಒಟ್ಟು ಭಾರದಲ್ಲಿ ನೂರಕ್ಕೆ ಮೂರು ಭಾಗ. ಮುಕ್ಕಾಲು ಗಂಟೆಯ ಏರಿನಲ್ಲಿ ಒಂದೂವರೆ ನಿಮಿಷ ಉಳಿದೀತು. ಆದರೆ ಸೈಕಲ್ ಹೆಗಲ ಮೇಲೆ ಹೊತ್ತು ಮೂರನೇ ಮಹಡಿಗೆ ಹತ್ತುವಾಗ, ಟ್ರಾಫಿಕ್ಕಿನಲ್ಲಿ ನಿಂತು ನಿಂತು ಹೊರಡುವಾಗ ದಿನಾ ಗೊತ್ತಾಗುತ್ತೆ. ನನಗೆ ಈ ಸೈಕಲ್ ಮೇಲೆ ಪ್ರೀತಿ ಹುಟ್ಟಿದ್ದೇ ಹಾಗೆ.

ಜನವರಿ ಮೊದಲ ವಾರ ಬರುತ್ತಿದ್ದೇನೆ. ಟೈರಿನ ಪಕ್ಕದಲ್ಲಿ ಅದರ ಅಳತೆ, 54-559 ಅನ್ನೋ ಥರದ ಅಂಕಿ, ಅಚ್ಚಾಗಿರುತ್ತೆ, ಫೋಟೋ ತೆಗೆದು ಕಳಿಸು. ಫೋರ್ಕಿನ ಉದ್ದವನ್ನ ಅಮ್ಮನ ಹೊಲಿಗೆ ಟೇಪಿನಲ್ಲಿ ಅಳೆದು ಮಿಲಿಮೀಟರಿನಲ್ಲಿ ಬರೆ. ಎರಡು ಸಲ ಅಳೆ. ಫೋರ್ಕನ್ನ ಸೀರೆಗಳ ಮಧ್ಯೆ ಸುತ್ತಿ ತರುತ್ತೇನೆ ಅಂತ ಅಮ್ಮನಿಗೆ ಈಗಲೇ ಹೇಳಿಬಿಡು. ಅಪ್ಪನಿಗೂ ಅಮ್ಮನಿಗೂ ನನ್ನ ನಮಸ್ಕಾರ ತಿಳಿಸು.

ನಿನ್ನ,
ಅಕ್ಕ