ಕೌಲ್ ಬಜಾರಿನ ಸಂಜೆ ಪಾಠದ ಕೋಣೆಗಾಗಿ ದೇಣಿಗೆ ಮನವಿ

ಪ್ರಿಯ ಸಹೋದರ ಸಹೋದರಿಯರೇ, ಹಿತೈಷಿಗಳೇ,

ಕರ್ತನಾದ ಯೇಸು ಕ್ರಿಸ್ತನ ನಾಮದಲ್ಲಿ ನಿಮ್ಮೆಲ್ಲರಿಗೂ ವಂದನೆಗಳು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹನ್ನೊಂದು ವರ್ಷಗಳಿಂದ ಬಾಡಿಗೆ ಮನೆಯಲ್ಲಿದ್ದುಕೊಂಡು ಕ್ರೈಸ್ತ ಸಭೆಯ ಸೇವೆ ಮಾಡುತ್ತಿರುವ ನಾನು ಮತ್ತು ನನ್ನ ಪತ್ನಿ, ನಮ್ಮ ಟ್ರಸ್ಟಿನ ಸದಸ್ಯರ ಒಪ್ಪಿಗೆ ಪಡೆದು ಈ ಮನವಿಯನ್ನು ನಿಮ್ಮ ಮುಂದಿಡುತ್ತಿದ್ದೇವೆ. ನಾವು ಕೇಳುತ್ತಿರುವುದು ಒಂದು ಕೋಣೆಯನ್ನು. ಅದು ದೇವಾಲಯಕ್ಕಲ್ಲ, ನಮ್ಮ ವಾಸಕ್ಕೂ ಅಲ್ಲ. ದಿನಾಲೂ ಸಂಜೆ ಆರರಿಂದ ಎಂಟೂವರೆಯವರೆಗೆ ಓದಲು ಬರುವ ಓಣಿಯ ಮಕ್ಕಳಿಗಾಗಿ.

ಹಿಂದೆ ದಂಡಿನ ಆಸರೆಯಲ್ಲಿ ಬೆಳೆದ ಈ ಪೇಟೆಯಲ್ಲಿ ಈಗ ಎಲ್ಲಿ ಹೋದರೂ ಜೀನ್ಸ್ ಹೊಲಿಗೆ ಯಂತ್ರಗಳ ಸದ್ದು. ಹೊಲಿದ ಪ್ಯಾಂಟುಗಳು ಗಂಟು ಗಂಟಾಗಿ ಮನೆಗಳಿಗೆ ಬರುತ್ತವೆ. ಹೆಂಗಸರು ಬಾಗಿಲಲ್ಲಿ ಕುಳಿತು ಉಳಿದ ದಾರದ ತುದಿಗಳನ್ನು ಕತ್ತರಿಸಿ ಕೊಡುತ್ತಾರೆ. ಕೂಲಿ ಪೀಸಿನ ಲೆಕ್ಕದಲ್ಲಿ ಸಿಗುವುದರಿಂದ, ಗಂಟು ಬಂದ ದಿನ ಶಾಲೆಯಿಂದ ಮರಳಿದ ಮಕ್ಕಳ ಕೈಗೂ ಕತ್ತರಿ ಬರುತ್ತದೆ. ಇನ್ನೂ ತೊಳೆಯದ ಜೀನ್ಸ್ ಬಟ್ಟೆ ಬಣ್ಣ ಬಿಡುತ್ತದೆ. ಆರನೆಯ ತರಗತಿಯ ಒಬ್ಬ ಹುಡುಗಿಯ ಗಣಿತದ ನೋಟ್‌ಬುಕ್ಕಿನಲ್ಲಿ ಭಾಗಾಕಾರದ ಲೆಕ್ಕಗಳ ಪಕ್ಕದಲ್ಲೆಲ್ಲ ನೀಲಿ ಹೆಬ್ಬೆಟ್ಟಿನ ಗುರುತುಗಳಿದ್ದವು. ಪುಟ ಹೊಲಸು ಮಾಡಿದ್ದಕ್ಕೆ ಶಾಲೆಯಲ್ಲಿ ಬೈಸಿಕೊಂಡು ಬಂದವಳು ನನ್ನ ಪತ್ನಿಯನ್ನು, "ನಿಂಬೆಹಣ್ಣು ತಿಕ್ಕಿದ್ರೆ ಹೋಗ್ತದೇನ್ರಿ ಅಮ್ಮಾರೆ?" ಎಂದು ಕೇಳಿದಳು. ಲೆಕ್ಕಗಳೆಲ್ಲ ಸರಿಯಾಗಿದ್ದವು ಎಂಬುದನ್ನೂ ಇಲ್ಲಿ ಹೇಳಬೇಕು. ಅಂದಿನಿಂದ ಪಾಠಕ್ಕೆ ಕೂರುವ ಮುಂಚೆ ಕೈ ತೊಳೆಯಲೆಂದು ಬಾಗಿಲ ಬಳಿ ಒಂದು ಬಕೆಟ್ ನೀರು, ಒಂದು ಸೋಪು ಇಟ್ಟಿದ್ದೇವೆ. ನಲ್ಲಿಯಲ್ಲಿ ವಾರಗಟ್ಟಲೆ ನೀರು ಬಾರದ ಬೇಸಿಗೆಯಲ್ಲಿ ಆ ಒಂದು ಬಕೆಟ್ ನೀರನ್ನೂ ಲೆಕ್ಕ ಹಾಕಿಯೇ ಇಡಬೇಕಾಗುತ್ತದೆ.

ಈ ಪಾಠ ಶುರುವಾದದ್ದು ನಮ್ಮ ಮನೆಯ ಪಡಸಾಲೆಯಲ್ಲಿ, ನಮ್ಮ ಮಗಳ ಜೊತೆ ಕುಳಿತು ಓದಲು ಬಂದ ನಾಲ್ಕು ಮಕ್ಕಳಿಂದ. ಅವರು ಹತ್ತಾದರು, ಇಪ್ಪತ್ತಾದರು. ಈಗ ನಲವತ್ತಮೂರು ಮಕ್ಕಳಿದ್ದಾರೆ. ಸೇವೆಗೆಂದು ಬಂದ ಕುಟುಂಬದ ಮನೆ ಬಾಗಿಲು ಹಾಕಿಕೊಂಡಿರಬಾರದು ಎಂದು ನಾವಿಬ್ಬರೂ ನಂಬಿದವರು. ಆದರೆ ಆ ನಂಬಿಕೆಯ ಬೆಲೆಯನ್ನು ಹೆಚ್ಚಾಗಿ ತೆತ್ತವರು ನಮ್ಮ ಮಕ್ಕಳು. ಮಗಳು ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಓದಿದ್ದು ಮಾಳಿಗೆಯ ಮೆಟ್ಟಿಲ ಮೇಲೆ, ಬೀದಿ ದೀಪದ ಬೆಳಕು ಬೀಳುವ ನಾಲ್ಕನೆಯ ಮೆಟ್ಟಿಲಲ್ಲಿ. ಒಂದು ರಾತ್ರಿ ಅವಳು, "ಅಪ್ಪಾಜಿ, ಈ ಮನ್ಯಾಗ ನನ್ನ ಪುಸ್ತಕ ಇಡಾಕ ಒಂದು ಗೂಡರ ಐತೇನು?" ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ನರ್ಸಿಂಗ್ ಓದಿರುವ ನನ್ನ ಪತ್ನಿಯ ಬಳಿ ಬಿ.ಪಿ. ನೋಡಿಸಿಕೊಳ್ಳಲು ಬರುವವರು, ಕ್ಷಯದ ಚಿಕಿತ್ಸೆಯ ಆರು ತಿಂಗಳ ಮಾತ್ರೆಯನ್ನು ಎರಡನೆಯ ತಿಂಗಳಲ್ಲೇ ಬಿಟ್ಟು ಕೆಮ್ಮುತ್ತ ಬರುವವರು, ಆಸ್ಪತ್ರೆಗೆ ಜೊತೆಗೆ ಬನ್ನಿರೆಂದು ಕರೆಯುವವರು, ಎಲ್ಲರೂ ಅದೇ ಪಡಸಾಲೆಯಲ್ಲಿ ಕಾಯುತ್ತಾರೆ. ಕೆಮ್ಮುವವರನ್ನೂ ಮಕ್ಕಳನ್ನೂ ಒಂದೇ ಕಡೆ ಕೂರಿಸುವುದು ಸರಿಯಲ್ಲವೆಂದು ತಿಳಿಯಲು ನರ್ಸಿಂಗ್ ಓದಬೇಕಾಗಿಲ್ಲ.

ಹಾಗಾಗಿ ಮೂರು ವರ್ಷಗಳ ಹಿಂದೆ, ಸಭೆಯ ಹಿರಿಯರೊಬ್ಬರು ಟ್ರಸ್ಟಿಗೆ ಬರೆದುಕೊಟ್ಟಿದ್ದ ಪಕ್ಕದ ನಿವೇಶನದಲ್ಲಿ ತಗಡಿನ ಶೆಡ್ ಹಾಕಿಸಿದೆವು. ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆಂದು ಹಾಗೆ ಮಾಡಿದ್ದು ನಮ್ಮದೇ ತಪ್ಪು. ಬಳ್ಳಾರಿಯ ಬಿಸಿಲನ್ನು ಬಲ್ಲವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಏಪ್ರಿಲ್ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದ ದಿನ, ಆ ತಗಡು ಕಾದ ಹಂಚಿನಂತಾಗುತ್ತದೆ, ಹೊತ್ತು ಮುಳುಗಿದ ಮೇಲೂ ಒಳಗಿನ ಸೆಕೆ ಇಳಿಯುವುದಿಲ್ಲ. ಮಳೆ ಬಂದರೆ ಸದ್ದಿಗೆ ಪಾಠ ಕೇಳಿಸುವುದಿಲ್ಲ. ಕಳೆದ ಬೇಸಿಗೆಯಲ್ಲಿ ಒಬ್ಬ ಹುಡುಗ ಪಾಠದ ನಡುವೆ ತಲೆ ತಿರುಗಿ ಬಿದ್ದ. ಅಂದಿನಿಂದ ಶೆಡ್ಡಿಗೆ ಬೀಗ ಹಾಕಿದ್ದೇವೆ, ಮಕ್ಕಳು ಮತ್ತೆ ಪಡಸಾಲೆಗೆ ಬಂದಿದ್ದಾರೆ.

ಇಲ್ಲಿ ಓದುವವರಲ್ಲಿ ನಮ್ಮ ಸಭೆಯ ಮಕ್ಕಳಿಗಿಂತ ಹಿಂದೂ, ಮುಸ್ಲಿಂ ಮನೆಗಳ ಮಕ್ಕಳೇ ಹೆಚ್ಚು. ಪಾಠದ ಹೊತ್ತಿನಲ್ಲಿ ಧರ್ಮೋಪದೇಶವಿಲ್ಲ. ಭಾನುವಾರ ಶಾಲೆ ಬೇರೆಯೇ ಇದ್ದು, ಅದು ಸಭೆಯ ಕುಟುಂಬಗಳ ಮಕ್ಕಳಿಗೆ ಮಾತ್ರ ನಡೆಯುತ್ತದೆ. ಇದನ್ನು ಬಿಡಿಸಿ ಹೇಳುತ್ತಿರುವುದಕ್ಕೆ ಕಾರಣ, ದೇಣಿಗೆ ಕೊಡುವವರು ಕೇಳದೆ ಮನಸ್ಸಿನಲ್ಲೇ ಇಟ್ಟುಕೊಳ್ಳುವ ಪ್ರಶ್ನೆ ಇದು ಎಂದು ನಮಗೆ ಗೊತ್ತಿರುವುದು. ಈ ಊರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲು ಕೂತದ್ದು ಕನ್ನಡ ಕಲಿಯಲು, ಶಾಲೆಗಳನ್ನೂ ತೆರೆದರು. ಅವರ ಜೊತೆಗಾರ ವಿಲಿಯಂ ರೀವ್ ಸಿದ್ಧಪಡಿಸಿದ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಅಂಥ ದೊಡ್ಡ ಕೆಲಸಕ್ಕೆ ನಮ್ಮದನ್ನು ಹೋಲಿಸುವಂತಿಲ್ಲ. ಆದರೆ ಮನೆಯಲ್ಲಿ ತೆಲುಗು ಅಥವಾ ಉರ್ದು ಆಡುವ ಮಗು ಕನ್ನಡ ಪಾಠವನ್ನು ತಡವರಿಸದೆ ಓದುವಂತಾಗುವುದು ಇಲ್ಲಿ ಈಗಲೂ ದಿನನಿತ್ಯದ ಕೆಲಸವೇ ಆಗಿದೆ.

ಶೆಡ್ ತೆಗೆಸಿ, 16 ಅಡಿ ಅಗಲ, 24 ಅಡಿ ಉದ್ದದ ಆರ್‌ಸಿಸಿ ಛಾವಣಿಯ ಕೋಣೆ, ಎರಡು ಶೌಚಾಲಯ ಮತ್ತು ನೀರಿನ ಸಂಪು ಕಟ್ಟಿಸಲು ಮೇಸ್ತ್ರಿಯವರು ಕೊಟ್ಟಿರುವ ಅಂದಾಜು 8,40,000 ರೂಪಾಯಿ. ಇದರಲ್ಲಿ 2,65,000 ರೂಪಾಯಿ ಈಗಾಗಲೇ ಟ್ರಸ್ಟಿನ ಖಾತೆಯಲ್ಲಿದೆ. ಇದು ಬಹುಪಾಲು ಸಭೆಯವರೇ ಕೂಡಿಸಿದ ಹಣ. ದೇವಾಲಯದ ಸುಗ್ಗಿ ಹಬ್ಬದ ಕಾಣಿಕೆಗಳ ಹರಾಜಿನಲ್ಲಿ ಹಮಾಲಿ ಕೆಲಸ ಮಾಡುವ ಸಹೋದರರೊಬ್ಬರು ಒಂದು ಕುಂಬಳಕಾಯಿಯನ್ನು 1,100 ರೂಪಾಯಿಗೆ ಕೂಗಿ ತೆಗೆದುಕೊಂಡು, ಅದನ್ನು ಮತ್ತೆ ಹರಾಜಿಗೇ ಇಟ್ಟರು. ಅದು ಇನ್ನೂ 600 ರೂಪಾಯಿ ತಂದಿತು. ಕುಂಬಳಕಾಯಿ ಕೊನೆಗೆ ನಮ್ಮ ಮನೆಗೇ ಬಂತು, ಮಕ್ಕಳಿಗೆ ಸಾರಾಯಿತು. ಇನ್ನು ಬೇಕಾಗಿರುವುದು 5,75,000 ರೂಪಾಯಿ. ಹಣದ ಬದಲು ಸಿಮೆಂಟ್, ಕಬ್ಬಿಣ, ಇಟ್ಟಿಗೆ, ಕಿಟಕಿ ಬಾಗಿಲು, ಫ್ಯಾನು ಕೊಡಬಯಸುವವರು ಮೊದಲು ನಮ್ಮೊಂದಿಗೆ ಮಾತನಾಡಿದರೆ ಒಂದೇ ಸಾಮಾನು ಎರಡು ಸಲ ಬರುವುದು ತಪ್ಪುತ್ತದೆ. ಈ ಹಣದಲ್ಲಿ ನಮ್ಮ ಮನೆ ಬಾಡಿಗೆಗಾಗಲಿ ಸಂಬಳಕ್ಕಾಗಲಿ ಒಂದು ಪೈಸೆಯೂ ಹೋಗುವುದಿಲ್ಲ. ಅವನ್ನು ಸಭೆಯು ಬೇರೆಯಾಗಿ ನೋಡಿಕೊಳ್ಳುತ್ತಿದೆ.

ಮಿಷನರಿಗಳಿಗೆ ಹೊರದೇಶದಿಂದ ಹಣ ಬರುತ್ತದಲ್ಲವೇ ಎಂದು ಅನೇಕರು ಕೇಳುತ್ತಾರೆ. ನಮ್ಮ ಟ್ರಸ್ಟಿಗೆ ವಿದೇಶಿ ವಂತಿಗೆ ಕಾಯ್ದೆಯಡಿ ನೋಂದಣಿ ಇಲ್ಲದ ಕಾರಣ, ವಿದೇಶಿ ಪ್ರಜೆಗಳಿಂದಲೂ ಸಂಸ್ಥೆಗಳಿಂದಲೂ ನಾವು ಹಣ ಪಡೆಯುವಂತಿಲ್ಲ, ಪಡೆಯುವುದೂ ಇಲ್ಲ. ಹೊರದೇಶದಲ್ಲಿ ದುಡಿಯುತ್ತಿದ್ದರೂ ಭಾರತದ ಪೌರತ್ವ ಉಳಿಸಿಕೊಂಡಿರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಬಹುದು. ಟ್ರಸ್ಟಿಗೆ, ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ಮಾನ್ಯತೆ ಇದೆ; ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ಇದರ ರಿಯಾಯಿತಿ ಸಿಗುತ್ತದೆ ಮತ್ತು ನಗದಾಗಿ ಕೊಟ್ಟ ದೇಣಿಗೆ 2,000 ರೂಪಾಯಿ ಮೀರಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ದೊಡ್ಡ ಮೊತ್ತವನ್ನು ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕವೇ ಕೊಡಬೇಕೆಂದು ಕೋರುತ್ತೇವೆ. ಖಾತೆಯ ವಿವರ ಈ ಮನವಿಯ ಜೊತೆಗಿನ ಚೀಟಿಯಲ್ಲಿದೆ. ಹತ್ತು ರೂಪಾಯಿಗೂ ರಸೀದಿ ಕೊಡುತ್ತೇವೆ. ಖರ್ಚಿನ ಪಟ್ಟಿಯನ್ನು ಪ್ರತಿ ತಿಂಗಳ ಮೊದಲ ಭಾನುವಾರ ದೇವಾಲಯದ ಬಾಗಿಲಿಗೆ ಅಂಟಿಸಲಾಗುವುದು.

ಮಾರ್ಚಿಗೆ ಮುಂಚೆ ಛಾವಣಿ ಹಾಕಿ ಮುಗಿದರೆ ಈ ಸಲ ಎಸ್‌ಎಸ್‌ಎಲ್‌ಸಿ ಬರೆಯುವ ಏಳು ಮಕ್ಕಳಿಗೆ ಅದರಡಿ ಕೂತು ಓದಲು ಕೆಲವು ವಾರಗಳಾದರೂ ಸಿಗುತ್ತವೆ. ಕೊಡುವ ಮೊದಲು ನೋಡಬೇಕೆನ್ನುವವರು ಭಾನುವಾರ ಬಿಟ್ಟು ಯಾವ ದಿನವಾದರೂ ಸಂಜೆ ಆರರ ನಂತರ ಬನ್ನಿ, ಮುಂಚೆ ತಿಳಿಸಬೇಕೆಂದಿಲ್ಲ. ಓಣಿಯಲ್ಲಿ ಯಾವ ಮನೆಯ ಮುಂದೆ ಸಣ್ಣ ಚಪ್ಪಲಿಗಳ ರಾಶಿ ಕಾಣುತ್ತದೋ ಅದೇ ನಮ್ಮ ಮನೆ.

ಕರ್ತನ ಸೇವೆಯಲ್ಲಿ,
ಸಭಾಪಾಲಕರು ಮತ್ತು ಕುಟುಂಬ
ಕೌಲ್ ಬಜಾರ್, ಬಳ್ಳಾರಿ